ಮಜ್ಜಿಗೆ ಕೊಡದ ಮನೆ

ನಮ್ಮವರಲ್ಲಿ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋದಾಗ ಮೊದಲು ನೋಡುವುದು ಗಂಡನ್ನಲ್ಲ, ಮಜ್ಜಿಗೆಯನ್ನು. ಊಟ ಮುಗಿದ ಮೇಲೆ ಗಂಡಿನ ತಾಯಿ ಹಿತ್ತಾಳೆ ಚೆಂಬಿನಲ್ಲಿ ಮಜ್ಜಿಗೆ ತಂದು ಹೆಣ್ಣಿನ ತಾಯಿಯ ಕೈಗೆ ಕೊಡಬೇಕು. ಕೊಟ್ಟರೆ ಅವರಿಗೆ ಒಪ್ಪಿಗೆ, ಕುಡಿದರೆ ನಮಗೆ ಒಪ್ಪಿಗೆ. ಬಾಯಿಬಿಟ್ಟು ಯಾರೂ ಏನೂ ಹೇಳಬೇಕಾಗಿಲ್ಲ. ಕೊಡದೆ ಹೋದರೆ ಕೈ ತೊಳೆದು, ಗಾಡಿ ಹೂಡಿಕೊಂಡು ಸುಮ್ಮನೆ ಬಂದುಬಿಡಬೇಕು. ಯಾಕೆ ಎಂದು ಕೇಳುವಂತಿಲ್ಲ.

ನಾನು ಕೇಳಿದೆ. ಆ ಕತೆಯನ್ನೇ ಬರೆಯುತ್ತಿದ್ದೇನೆ.

ನಾವು ಉತ್ತಮಪಾಳಯದ ಹತ್ತಿರದವರು. ನಮ್ಮ ಹಿರಿಯರು ಯಾವ ಕಾಲದಲ್ಲೋ ಬಡಗಲಿಂದ ದನ ಹೊಡೆದುಕೊಂಡು ಬಂದು ಈ ಕಣಿವೆಯಲ್ಲಿ ನೆಲೆ ನಿಂತರಂತೆ. ನಮಗೆ ಹೊರಗೆ ತಮಿಳು, ಒಲೆಯ ಮುಂದೆ ಕನ್ನಡ. ಈ ಅಕ್ಷರವನ್ನು ನನಗೆ ಮರಳಿನ ಮೇಲೆ ತಿದ್ದಿಸಿದವರು ಅಪ್ಪ. ಹೆಣ್ಣಿಗೆ ಇದೆಲ್ಲ ಯಾಕೆ ಎಂದವರಿಗೆ, ದೇವರ ಹೆಸರಾದರೂ ಬರೆದುಕೊಳ್ಳಲಿ ಬಿಡಿ ಎನ್ನುತ್ತಿದ್ದರು. ಅದೊಂದು ಪುಣ್ಯ ನನಗೆ.

ಕಂಬಂನಲ್ಲಿ ನಮ್ಮವರ ದೇವರ ದನಗಳ ಹಿಂಡು ಇದೆ. ದೇವರಾವು ಎನ್ನುತ್ತೇವೆ. ಅವುಗಳ ಹಾಲು ಕರುವಿಗೆ, ಮಿಕ್ಕದ್ದು ದೇವರಿಗೆ. ಒಲೆಯ ಮೇಲೆ ಇಡುವಂತಿಲ್ಲ, ಹೆಪ್ಪು ಹಾಕುವಂತಿಲ್ಲ, ಮಾರುವ ಮಾತಂತೂ ಇಲ್ಲವೇ ಇಲ್ಲ. ಹಿಂಡಿನ ಹೋರಿಗಳಲ್ಲಿ ಒಂದು ರಾಜ. ಅದಕ್ಕೆ ಪಟ್ಟದ ಹೋರಿ ಎಂದು ಹೆಸರು. ಅದು ಸತ್ತರೆ ಹಿರಿಯರು ಹಿಂಡಿನ ಮುಂದೆ ಕಬ್ಬಿನ ಕಂತೆ, ಅರಿಸಿನ, ತೆಂಗಿನಕಾಯಿ, ವೀಳ್ಯ ಇಟ್ಟು ದೂರ ನಿಲ್ಲುತ್ತಾರೆ. ಯಾವ ಹೋರಿ ತಾನಾಗಿ ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೇ ಮುಂದಿನ ಪಟ್ಟ. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನಾನೊಮ್ಮೆ ನೋಡಿದ್ದೇನೆ. ಅಷ್ಟು ಜನ ಸೇರಿದ್ದರು, ಒಬ್ಬರೂ ಕೆಮ್ಮಲಿಲ್ಲ. ಆ ಹಿಂಡಿನ ದನ ಕದ್ದವರನ್ನು ಕುಲದಿಂದ ಹೊರಗೆ ಹಾಕುತ್ತಾರೆ. ಆಮೇಲೆ ಆ ಮನೆಗೆ ಹೆಣ್ಣು ಕೊಡುವವರೂ ಇಲ್ಲ, ಆ ಮನೆಯ ನೀರು ಮುಟ್ಟುವವರೂ ಇಲ್ಲ.

ನಾವು ಗಂಡು ನೋಡಲು ಹೊರಟದ್ದು ಬೆಟ್ಟ ಕೊರೆದು ಪೆರಿಯಾರಿನ ನೀರನ್ನು ನಮ್ಮ ಕಣಿವೆಗೆ ತಿರುಗಿಸಿದ ಮರುವರ್ಷ, ಸಂಕ್ರಾಂತಿ ಕಳೆದ ಮೇಲೆ. ಊರೆಲ್ಲ ಆ ನೀರನ್ನು ಹೊಗಳುತ್ತಿತ್ತು. ನನಗೆ ಅದರ ಮೇಲೆ ನಂಬಿಕೆ ಹುಟ್ಟಿರಲಿಲ್ಲ. ಪಡುವಣ ಕಡಲಿಗೆ ಹೋಗಬೇಕಾದ ನೀರು, ಮನುಷ್ಯರು ತಡೆದರೆಂದು ಮೂಡಲಿಗೆ ಹರಿದು ಬಂದರೆ ಅದು ಯಾರ ಮಾತು ಕೇಳುವ ನೀರು? ಗದ್ದೆಗೆ ಆಗಲಿ, ಬೇಡ ಎನ್ನಲಿಲ್ಲ. ದೇವರ ಕೊಡಕ್ಕೆ ಮಾತ್ರ ನಾನು ಹಳೆಯ ಬಾವಿಯ ನೀರನ್ನೇ ತರುತ್ತಿದ್ದೆ.

ಮಗಳನ್ನು ಅಷ್ಟು ದೂರ ಕೊಡಬೇಕೆಂಬ ಆಸೆ ನನಗಿರಲಿಲ್ಲ. ನಮ್ಮಲ್ಲಿ ಸೋದರಮಾವನ ಮಗನಿಗೇ ಹೆಣ್ಣು. ನನ್ನಣ್ಣನಿಗೆ ಬರೀ ಹೆಣ್ಣುಮಕ್ಕಳು. ಆದ್ದರಿಂದ ಗಂಡು ಹುಡುಕುವ ಹೊರೆಯನ್ನು ಅವನೇ ಹೊತ್ತುಕೊಂಡ. ದಿಂಡಿಗಲ್ಲಿನ ಸಂತೆಯಲ್ಲಿ ಎಳ್ಳು ಮಾರಲು ಬಂದಿದ್ದ ಒಬ್ಬ ಹುಡುಗನನ್ನು ಕಂಡು, ಮಾತಾಡಿಸಿ, ನಮ್ಮ ಮಾತೇ ಆಡುತ್ತಾನೆಂದು ತಿಳಿದು ಕುಲ ಬಳಿ ವಿಚಾರಿಸಿಕೊಂಡು ಬಂದಿದ್ದ. ಅಪ್ಪ ಇಲ್ಲ, ತಾಯಿ ಇದ್ದಾಳೆ, ಅಜ್ಜಿ ಇದ್ದಾಳೆ. ಹೊಲ ಇದೆ. ಕೊಟ್ಟಿಗೆ ತುಂಬ ದನ.

ಗಾಡಿಯಲ್ಲಿ ನಾವು ಮೂವರೇ. ಅಣ್ಣ ಹೊಡೆಯುತ್ತಿದ್ದ. ನಾನು ಹಿಂದೆ, ನಮ್ಮ ಮನೆಯವರು ನಡುವೆ. ನಮ್ಮ ಮನೆಯವರ ಬಾಯಲ್ಲಿ ಎಲೆಯಡಿಕೆ ಇರುತ್ತದೆ, ಅದು ಇಲ್ಲದಾಗ "ನೋಡೋಣ" ಎಂಬ ಒಂದು ಮಾತು ಇರುತ್ತದೆ.

"ತಂಗಚ್ಚಿ, ನಿನಗೆ ಕೊಡಬೇಕಾಗಿದ್ದ ಅಳಿಯನನ್ನ ನನ್ನ ಹೆಂಡತಿ ಹೆರಲಿಲ್ಲ. ಅದಕ್ಕೇ ನಾನು ಈ ಎತ್ತಿನ ಬಾಲ ತಿರುಚ್ತಾ ಇದ್ದೀನಿ" ಅಂದ ಅಣ್ಣ.

"ಅತ್ತಿಗೆ ಮೇಲೆ ಹಾಕಬೇಡ. ನನಗೊಂದು ಹೇಳು. ಹುಡುಗ ಚೆನ್ನ, ಹೊಲ ಇದೆ, ದನ ಇದೆ. ಇಷ್ಟೆಲ್ಲ ಇದ್ದೂ ಅವನಿಗೆ ಆ ಕಡೆಯೇ ಹೆಣ್ಣು ಯಾಕೆ ಸಿಗಲಿಲ್ಲ?"

ಅಣ್ಣ ಎತ್ತುಗಳನ್ನು ಗದರಿಸಿದ. ಎತ್ತುಗಳು ಸರಿಯಾಗಿಯೇ ನಡೆಯುತ್ತಿದ್ದವು.

ಚಿನ್ನಮನೂರಿನವರೆಗೆ ದಾರಿಯ ಎರಡೂ ಕಡೆ ಬಾಳೆತೋಟ, ನಾಟಿಯ ಹಸಿರು. ಎಡಕ್ಕೆ ಏಲಕ್ಕಿ ಬೆಳೆಯುವ ಮಲೆ, ಬಲಕ್ಕೆ ಮೋಡ ಹೊದ್ದ ಬೆಟ್ಟ, ನಡುವೆ ನಾವು. ಹಿಂದಿನ ವರ್ಷ ದನ ಮೇಯುತ್ತಿದ್ದ ಹುಲ್ಲುಬಯಲು ಆ ವರ್ಷ ಗದ್ದೆಯಾಗಿತ್ತು. ದನ ಎಲ್ಲಿಗೆ ಹೋದವು ಎಂದು ಕೇಳಿದರೆ, ನೆಲ ಉತ್ತವರಿಗೇ ಗೊತ್ತಿರಲಿಲ್ಲ. ವೀರಪಾಂಡಿಯಲ್ಲಿ ಅಮ್ಮನಿಗೆ ಕೈಮುಗಿದು ಹೊಳೆಯ ದಡದಲ್ಲಿ ಬುತ್ತಿ ಬಿಚ್ಚಿದೆವು. ರಾಗಿ ಮುದ್ದೆ, ಸುಂಡೆಕಾಯಿಯ ಗೊಜ್ಜು. ಇಬ್ಬರೂ ಗಂಡಸರು ಹೊಳೆಯ ನೀರನ್ನೇ ಬೊಗಸೆಯಲ್ಲಿ ಎತ್ತಿ ಕುಡಿದರು. ಅದೇ ಪೆರಿಯಾರಿನ ನೀರು. ನಾನು ಮನೆಯಿಂದ ಮಡಕೆಯಲ್ಲಿ ತಂದ ನೀರು ಕುಡಿದೆ.

ತೇನಿ ಆಗ ಊರು ಅನ್ನುವಷ್ಟು ಇರಲಿಲ್ಲ. ಗಾಡಿಗಳು ಕೂಡುವ ದಾರಿ, ಒಂದು ಹುಣಸೆ ಸಾಲು, ಕುದುರೆಗೆ ಹುರುಳಿ ಮಾರುವವಳು. ಅಲ್ಲಿಂದ ಮುಂದೆ ಪೆರಿಯಕುಳದ ಮಾವಿನ ತೋಪುಗಳು ಹೂ ಬಿಟ್ಟು ನಿಂತಿದ್ದವು. ಗಾಡಿ ಆ ನೆರಳಲ್ಲಿ ಹೋಗುವಾಗ ಹೂವಿನ ವಾಸನೆಗೆ ತಲೆ ಭಾರವಾಯಿತು. ವತ್ತಲಗುಂಡಿನಲ್ಲಿ ವೀಳ್ಯದ ತೋಟ. ನಮ್ಮ ಮನೆಯವರು ಇಳಿದು ಎಲೆ ಕೊಂಡರು, ಆ ದಾರಿಯಲ್ಲಿ ಅವರ ಮುಖ ಅರಳಿದ್ದು ಆಗ ಒಮ್ಮೆ. ಮಳೆ ಇಲ್ಲ, ಧೂಳು ಕಡಿಮೆ, ಗಾಡಿಯ ಅಚ್ಚು ಮುರಿಯಲಿಲ್ಲ. ಒಂದೊಂದು ಊರು ದಾಟಿದಾಗಲೂ ನಾನು ಇವನ್ನೆಲ್ಲ ದೇವರ ಲೆಕ್ಕಕ್ಕೆ ಹಾಕಿಕೊಳ್ಳುತ್ತಿದ್ದೆ.

ದಿಂಡಿಗಲ್ಲಿಗೆ ಬರುವ ಮೊದಲೇ ಆ ಬಂಡೆ ಕಾಣುತ್ತದೆ. ಬಯಲಿನ ನಡುವೆ ಒಂದೇ ಕಲ್ಲು, ಅದರ ತಲೆಯ ಮೇಲೆ ಕೋಟೆ. ಯಾರು ಯಾರೋ ಆಳಿದರಂತೆ. ನನಗೆ ಕಂಡದ್ದು ಕಲ್ಲಿನ ಮೇಲೆ ಒಣಗುತ್ತಿದ್ದ ಯಾರದೋ ಸೀರೆ. ಊರೊಳಗೆಲ್ಲ ಹೊಗೆಸೊಪ್ಪಿನ ಘಾಟು. ಮನೆಮನೆಯ ಜಗುಲಿಯ ಮೇಲೆ ಹೆಂಗಸರು ಕೂತು ಚುಟ್ಟ ಸುತ್ತುತ್ತಿದ್ದರು. ಅಣ್ಣ ರೈಲು ತೋರಿಸುತ್ತೇನೆಂದು ಕರೆದುಕೊಂಡು ಹೋದ. ನೋಡಿದೆ. ಅಷ್ಟು ಕೂಗಿಕೊಂಡು ಹೋಗುವ ಅಗತ್ಯ ಏನಿತ್ತೋ ತಿಳಿಯಲಿಲ್ಲ.

ಅಲ್ಲಿಂದ ಪಡುವಲಿಗೆ ತಿರುಗಿದರೆ ನೆಲದ ಬಣ್ಣವೇ ಬೇರೆ. ಕೆಂಪು ಮಣ್ಣು, ತಾಳೆಮರ, ನುಗ್ಗೆ, ಕೊಯ್ದು ಬಿಟ್ಟ ಸಾಮೆಯ ಹೊಲ. ಒಡ್ಡನ್‌ಛತ್ರದಲ್ಲಿ ಗಾಡಿ ಬಿಚ್ಚಿ ಎತ್ತುಗಳಿಗೆ ನೀರು ಕುಡಿಸಿದೆವು. ಛತ್ರದ ಮುಂದೆ ಹೆಂಗಸರು ಸಾಲಾಗಿ ಕೂತು ಬೆಣ್ಣೆ ಮಾರುತ್ತಿದ್ದರು. ಒಬ್ಬೊಬ್ಬಳ ಮುಂದೂ ನೀರು ತುಂಬಿದ ಮಡಕೆ, ಅದರಲ್ಲಿ ತೇಲುವ ಬೆಣ್ಣೆಯ ಉಂಡೆ. ಬೆಣ್ಣೆ ಎಂದರೆ ಆ ಊರೇ ಎಂದು ಕೇಳಿದ್ದೆ. ಒಬ್ಬಳ ಹತ್ತಿರ ಹೋಗಿ, ಒಂದು ಉಂಡೆ ಎತ್ತಿ ನೋಡಿ, ತಮಿಳಿನಲ್ಲಿ ಆ ಮನೆಯ ಬಗ್ಗೆ ವಿಚಾರಿಸಿದೆ.

"ದನ ತುಂಬ ಇರೋ ಮನೆ ತಾನೆ? ಗೊತ್ತು. ನನ್ನ ಹತ್ತಿರವೇ ತುಪ್ಪ ತಗೊಳ್ತಾರೆ."

"ಅವರು ನಿನಗೆ ಕೊಡ್ತಾರೋ, ನೀನು ಅವರಿಗೆ ಕೊಡ್ತೀಯೋ?"

"ನಾನೇ ಕೊಡೋದು ತಾಯಿ." ಪಕ್ಕದವಳ ಕಡೆ ನೋಡಿ ನಕ್ಕಳು. "ಅವರ ಮನೆಯಲ್ಲಿ ದನಗಳಿಗೇ ಜಂಬ ಜಾಸ್ತಿ. ಕೆಚ್ಚಲಿಗೆ ಕೈ ಹಾಕೋಕೆ ಬಿಡಲ್ಲ."

ಗಾಡಿಗೆ ಬಂದು ಅಣ್ಣನಿಗೆ ಹೇಳಿದೆ. ಅವನು, "ಎಲ್ಲ ಗೊಡ್ಡು ಇರಬೇಕು. ಇಲ್ಲ ಅಂದರೆ ಕೆಚ್ಚಲ ಬಾವು" ಅಂದ.

"ಒಂದು ಹಸುವಿಗೆ ಆದರೆ ಬಾವು. ಕೊಟ್ಟಿಗೆಗೆ ಕೊಟ್ಟಿಗೆಯೇ ಹಾಗಾದರೆ ಅದು ಶಾಪ. ಶಾಪ ಇರೋ ಮನೆಗೆ ನನ್ನ ಮಗಳನ್ನ ನೀನು ಹುಡುಕಿದೆಯಾ?"

"ಮಚ್ಚಾನ್, ನೀವಾದರೂ ಹೇಳಿ" ಎಂದು ಅಣ್ಣ ನಮ್ಮ ಮನೆಯವರ ಕಡೆ ತಿರುಗಿದ.

"ನೋಡೋಣ" ಅಂದರು ಅವರು.

ಮನೆ ಕೆಟ್ಟದ್ದಾಗಿರಲಿಲ್ಲ, ಅದನ್ನು ಹೇಳಲೇಬೇಕು. ತಾಳೆಗರಿ ಹೊದಿಸಿದ ಉದ್ದ ಮನೆ, ಸಾರಿಸಿದ ಅಂಗಳ, ತುಳಸಿಯ ಬುಡದಲ್ಲಿ ಆ ಬೆಳಗಿನ ಹೂ. ಗಂಡಿನ ತಾಯಿ ಕಾಲಿಗೆ ನೀರು ಕೊಟ್ಟಳು. ಕೈ ಚುರುಕು, ಮಾತು ಕಡಿಮೆ. ಹುಡುಗ ಬಂದು ನಮಸ್ಕಾರ ಮಾಡಿ ಅಣ್ಣನ ಪಕ್ಕ ಕೂತ. ಕಪ್ಪಗೆ, ಗಟ್ಟಿಯಾಗಿ ಇದ್ದ, ಕಣ್ಣು ಚೆನ್ನಾಗಿತ್ತು. ಆದರೆ ಅವನು ಆ ಕಣ್ಣನ್ನು ಎತ್ತಿ ನನ್ನನ್ನು ನೋಡಲಿಲ್ಲ. ಮದುವೆಯ ನಾಚಿಕೆ ಒಂದು ಥರ ಇರುತ್ತದೆ. ಇದು ಅದಲ್ಲ.

ಅಜ್ಜಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಸಣಕಲು ದೇಹ, ಜೋತ ಕಿವಿ. ಕೊಟ್ಟಿಗೆಯ ಬಾಗಿಲ ಮುಂದೆ ಚಾಪೆ ಹಾಕಿಕೊಂಡು ಕೂತಿದ್ದಳು, ಬಾಗಿಲು ಮುಚ್ಚಿತ್ತು. ಒಳಗಿಂದ ದನಗಳು ಉಸಿರಾಡುವ ಸದ್ದು.

"ಕಂಬಂ ಕಡೆಯವರಾ?"

"ಉತ್ತಮಪಾಳಯದ ಹತ್ತಿರ ಅಜ್ಜಿ. ಕಂಬಂ ನನ್ನ ತವರು."

ಅವಳ ಕೈ ಚಾಪೆಯ ಅಂಚನ್ನು ಹಿಡಿದುಕೊಂಡಿತು. "ಅಲ್ಲಿ ದೇವರಾವು ಹೇಗಿವೆ? ಈಗ ಪಟ್ಟದ ಹೋರಿ ಯಾವ ಬಣ್ಣ? ಕಾವಲಿಗೆ ಯಾರಿದ್ದಾರೆ? ದನ ಎಣಿಸ್ತಾರಾ, ಹಾಗೇ ಬಿಟ್ಟಿದ್ದಾರಾ?"

ಹೆಣ್ಣಿನ ಬಗ್ಗೆ ಒಂದು ಮಾತಿಲ್ಲ. ಅಡುಗೆ ಬರುತ್ತದಾ, ಉದ್ದ ಎಷ್ಟು, ಕೂದಲು ಎಷ್ಟು, ಇದೊಂದನ್ನೂ ಕೇಳದೆ ದನದ ಬಣ್ಣ ಕೇಳುವ ಗಂಡಿನ ಅಜ್ಜಿಯನ್ನು ನಾನು ಅದೇ ಮೊದಲು ಕಂಡದ್ದು. ಬಿಳಿ ಹೋರಿ ಎಂದೆ. ಕೊಟ್ಟಿಗೆ ನೋಡಬಹುದಾ ಎಂದೂ ಕೇಳಿದೆ.

"ದನ ಹೊಸಬರಿಗೆ ಬೆದರ್ತಾವೆ" ಅಂದಳು ಅಜ್ಜಿ.

ಊಟಕ್ಕೆ ಕೂತೆವು. ಸಾಮೆ ಅನ್ನ, ಅವರೆಕಾಳಿನ ಹುಳಿ, ನುಗ್ಗೆಸೊಪ್ಪಿನ ಪಲ್ಯ, ಹುರುಳಿ ಸಾರು. ಹುರುಳಿ ಸಾರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿದ್ದಳು, ಮೆಣಸು ಸರಿಯಾಗಿ ಬಿದ್ದಿತ್ತು. ನಮ್ಮ ಕಣಿವೆಯಲ್ಲಿ ಅಕ್ಕಿ ಬಂದ ಮೇಲೆ ಸಾಮೆಯನ್ನು ಹೀಗೆ ಉದುರುದುರಾಗಿ ಬೇಯಿಸುವವರು ಕಡಿಮೆಯಾಗಿದ್ದಾರೆ. ಮಗಳ ಹೊಟ್ಟೆಗೆ ಇಲ್ಲಿ ಮೋಸವಿಲ್ಲ ಎಂದುಕೊಂಡೆ. ತಾಳೆಬೆಲ್ಲದ ಪಣಿಯಾರವೂ ಬಂತು. ತುಪ್ಪ ಬಂತು, ಎಲೆಯ ದೊನ್ನೆಯಲ್ಲಿ. ಮನೆಯ ತುಪ್ಪವಾದರೆ ಗಿಂಡಿಯಲ್ಲಿ ಬರುತ್ತದೆ, ಕೊಂಡದ್ದು ದೊನ್ನೆಯಲ್ಲಿ.

ನಾನು ಅನ್ನದ ಕೊನೆಯ ತುತ್ತನ್ನು ಎಲೆಯಲ್ಲೇ ಉಳಿಸಿಕೊಂಡು ಕೂತೆ. ಅಣ್ಣನೂ ಹಾಗೇ ಕೂತ. ಗಂಡಿನ ತಾಯಿ ಅಡುಗೆಮನೆಯ ಬಾಗಿಲಿಗೆ ಬಂದಳು, ಕೈಯಲ್ಲಿ ಹಿತ್ತಾಳೆ ಚೆಂಬಿತ್ತು. ಅಜ್ಜಿಯನ್ನು ನೋಡಿದಳು. ಅಜ್ಜಿ ಮುಖ ತಿರುಗಿಸಿದಳು. ಅವಳು ಚೆಂಬನ್ನು ಹಾಗೇ ಒಳಗೆ ತೆಗೆದುಕೊಂಡು ಹೋದಳು. ಆಮೇಲೆ ಬಂದದ್ದು ಕೈ ತೊಳೆಯುವ ನೀರು.

ಅಣ್ಣ ಎದ್ದು ಅಂಗಳಕ್ಕೆ ಹೋಗಿ ಗಾಡಿಯ ನೊಗ ಹಿಡಿದು ನಿಂತ. ಹೊತ್ತು ಇಳಿದಿತ್ತು, ಎತ್ತುಗಳು ದಣಿದಿದ್ದವು. ಹುಡುಗನೇ ಬಂದು, "ಮಾಮ, ಕತ್ತಲಾಗ್ತಾ ಇದೆ, ಈ ರಾತ್ರಿ ಇದ್ದು ಬೆಳಗ್ಗೆ ಹೋಗಿ" ಅಂದ. ಬೇಡವೆಂದವರು ಉಳಿಯಿರಿ ಎನ್ನುವುದೂ ನನಗೆ ಸರಿ ಕಾಣಲಿಲ್ಲ. ಆದರೂ ಜಗುಲಿಯಲ್ಲಿ ಮಲಗಿದೆವು. ಅಜ್ಜಿ ಕೊಟ್ಟಿಗೆಯ ಹೊಸ್ತಿಲಿಗೆ ಅಡ್ಡವಾಗಿ ಮಲಗಿದಳು, ಕಾಲು ನಮ್ಮ ಕಡೆಗೆ.

ಬೆಳಕು ಹರಿಯುವಾಗ ಎದ್ದು ಬಾವಿಯ ಕಡೆ ಹೋದೆ. ಅಜ್ಜಿಯ ಚಾಪೆ ಸುತ್ತಿಟ್ಟಿತ್ತು, ಕೊಟ್ಟಿಗೆಯ ಬಾಗಿಲು ತೆರೆದಿತ್ತು. ಹುಡುಗ ಆಗತಾನೆ ಮಿಂದು ಒದ್ದೆ ಪಂಚೆಯಲ್ಲಿ ಒಳಗೆ ನಿಂತಿದ್ದ. ಗೊಡ್ಡು ಹಸು ಒಂದೂ ಇರಲಿಲ್ಲ. ಬೆಳ್ಳಗೆ, ಮೈ ತುಂಬಿಕೊಂಡ ಹಸುಗಳು, ಕೊಂಬಿಗೆ ಅರಿಸಿನ. ಅವನು ಕರುಗಳನ್ನೆಲ್ಲ ಒಟ್ಟಿಗೆ ಬಿಟ್ಟ. ಅವು ಹೊಟ್ಟೆ ತುಂಬ ಕುಡಿಯುವವರೆಗೆ ಕೈಕಟ್ಟಿ ನಿಂತಿದ್ದ. ಬಾಯಲ್ಲಿ ನೊರೆ ಸುರಿಸಿಕೊಂಡು ಕರುಗಳು ತಾವಾಗಿ ಬಿಟ್ಟವು, ಅವನು ಎಳೆಯಲಿಲ್ಲ. ಮೂಲೆಯಲ್ಲಿದ್ದ ಒಂದು ಹಸುವಿಗೆ ಕರು ಇರಲಿಲ್ಲ. ಅದರ ಪಕ್ಕ ಕೂತು ಅವನು ಹಾಲು ಕರೆದ. ತುಂಬಿದ ತಂಬಿಗೆ ಹೊತ್ತು ಹಿತ್ತಿಲ ಹುತ್ತದ ಹತ್ತಿರ ಹೋಗಿ ಅಷ್ಟನ್ನೂ ಸುರಿದುಬಿಟ್ಟ.

ವಿಷವಾದರೆ ಮಾತ್ರ ಹಾಗೆ ಸುರಿಯುತ್ತಾರೆ ಎಂದು ನನ್ನ ಮೊದಲ ಯೋಚನೆ. ಆಮೇಲೆ ಅವನು ಹುತ್ತಕ್ಕೆ ಕೈಮುಗಿದ. ವಿಷಕ್ಕೆ ಯಾರೂ ಕೈಮುಗಿಯುವುದಿಲ್ಲ.

"ನೋಡಿಬಿಟ್ಟೆಯಲ್ಲ." ಹಿಂದೆ ಅಜ್ಜಿ ನಿಂತಿದ್ದಳು. "ಈಗ ಹೇಳು. ದನ ಹೊಡ್ಕೊಂಡು ಹೋಗೋಕೆ ತಾನೆ ಬಂದಿರೋದು?"

"ನಾನು ಗಂಡು ನೋಡೋಕೆ ಬಂದವಳು ಅಜ್ಜಿ. ನಿಮ್ಮ ದನ ನನಗೆ ಯಾಕೆ?"

"ಕಂಬಂನವರು ಈ ಒಣನೆಲಕ್ಕೆ ಹೆಣ್ಣು ಕೊಡೋಕೆ ಬರ್ತಾರಾ? ಕಣಿವೆ ತುಂಬ ನೀರಂತೆ, ಬಾಳೆಯಂತೆ. ಅದನ್ನ ಬಿಟ್ಟು ಇಲ್ಲಿಗೆ ಬಂದಾಗಲೇ ನನಗೆ ಗೊತ್ತಾಯ್ತು. ಈ ಹುಡುಗ ಸಂತೆಯಲ್ಲಿ ಬಾಯಿಬಿಟ್ಟಿದ್ದಾನೆ, ನೀವು ಬೇಹು ನೋಡೋಕೆ ಬಂದಿದ್ದೀರಿ."

ಅಲ್ಲಿಯವರೆಗೆ ಅನುಮಾನ ಪಡುವುದು ನನ್ನ ಪಾಲಿನ ಕೆಲಸ ಎಂದು ತಿಳಿದಿದ್ದೆ. ಆ ಮುದುಕಿಗೆ ನನ್ನ ಮೇಲೆ ನನಗಿಂತ ಹೆಚ್ಚು ಅನುಮಾನ. ಬಾವಿಯ ಕಟ್ಟೆಯ ಮೇಲೆ ಕೂತೆ, ಅವಳೂ ಕೂತಳು. ಸದ್ದಿಗೆ ಎದ್ದ ನಮ್ಮ ಮನೆಯವರೂ ಅಣ್ಣನೂ ಬಂದರು. ಗಂಡಿನ ತಾಯಿ ಒಳಗಿಂದ ಬಂದು ಕಂಬಕ್ಕೆ ಒರಗಿದಳು.

ಅಜ್ಜಿ ಹೇಳಿದ್ದು ಇಷ್ಟು. ಅವಳ ಮಾವ, ಅಂದರೆ ಈ ಹುಡುಗನ ಮುತ್ತಾತ, ಕಂಬಂನವನೇ. ಅಣ್ಣತಮ್ಮಂದಿರಲ್ಲಿ ನೆಲ ಹಂಚಿಕೆಯಾದಾಗ ಪಾಲು ಸಾಲದೆ, ಹೆಂಡತಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಈ ಕಡೆ ಹೊರಟ. ದೇವರ ಹಿಂಡಿನ ಒಂದು ಕಡಸು ಗಾಡಿಯ ಹಿಂದೆ ಬಂತು. ಓಡಿಸಿದ, ಮತ್ತೆ ಬಂತು. ತಾನೇ ಹೊಡೆದುಕೊಂಡು ಹೋಗಿ ಹಿಂಡಿಗೆ ಸೇರಿಸಿ ಬಂದರೆ, ಉತ್ತಮಪಾಳಯ ದಾಟುವಷ್ಟರಲ್ಲಿ ಮತ್ತೆ ಗಾಡಿಯ ಹಿಂದೆ ಇತ್ತು. ದೇವರ ಹಸು ತಾನಾಗಿ ಬಂದರೆ ತಡೆಯಲು ನಾನು ಯಾರು ಎಂದು ಅವನು ಸುಮ್ಮನಾದ. ಇಲ್ಲಿಗೆ ಬಂದ ಮೇಲೆ, ನಾವು ಇದರ ಕಾವಲಿನವರು, ಹಾಲು ನಮ್ಮದಲ್ಲ ಎಂದು ಹರಕೆ ಹೊತ್ತ. ಕೊಟ್ಟಿಗೆಯಲ್ಲಿರುವುದೆಲ್ಲ ಆ ಕಡಸಿನ ಸಂತಾನ. ಮನೆಗೆ ಕಾಲಿಟ್ಟ ದಿನದಿಂದ ಅಜ್ಜಿ ಈ ಕೊಟ್ಟಿಗೆಯ ಹಾಲಿನ ರುಚಿ ನೋಡಿಲ್ಲ.

"ನಮ್ಮ ಹಿಂಡಿನ ನೇಮ ನಮಗೂ ಗೊತ್ತು ಅಜ್ಜಿ. ಊಟದ ಹೊತ್ತಿಗೆ ಇದನ್ನ ಹೇಳಿದ್ದರೆ ಆಗುತ್ತಿತ್ತು" ಎಂದೆ.

"ಹೇಳಿದರೆ ನೀವು ಕೇಳೋದು ದನವನ್ನ, ನಮ್ಮ ಮಾತನ್ನಲ್ಲ. ದೇವರಾವು ಕದ್ದವರು ಅಂತ ಕಂಬಳಿ ಹಾಸಿ ಪಂಚಾಯ್ತಿ ಮಾಡಿ ಹೊರಗೆ ಹಾಕ್ತೀರಿ. ಮೊದಲು ಬಂದ ಹೆಣ್ಣಿನವರಿಗೂ ಹೇಳಲಿಲ್ಲ. ಮಜ್ಜಿಗೆ ಕೊಡಲಿಲ್ಲ ಅಂತ ಅವರು ಎದ್ದು ಹೋದರು. ಹೋಗಲಿ ಬಿಡು ಅಂದೆ."

"ಬೇರೆ ಮನೆಯಿಂದ ಒಂದು ಚೆಂಬು ತಂದು ಕೊಡೋಣ ಅಂತ ನಾನು ಅಂದೆ. ಅತ್ತೆ ಬಿಡಲಿಲ್ಲ" ಅಂದಳು ಗಂಡಿನ ತಾಯಿ. ನಾನು ಅವಳ ದನಿಯನ್ನು ಸರಿಯಾಗಿ ಕೇಳಿದ್ದು ಆಗಲೇ.

"ಕೊಟ್ಟಿಗೆ ತುಂಬ ಹಸು ಇಟ್ಕೊಂಡು ಮಜ್ಜಿಗೆಗೆ ಕೈ ಒಡ್ಡೋದಾ? ಈ ಊರು ನಗೋದು ಸಾಲದಾ?"

ಹಿಂಡಿನ ನೇಮ ಚಿಕ್ಕಂದಿನಿಂದ ಗೊತ್ತಿದ್ದ ನನಗೆ ಇದು ಹೊಳೆಯಲೇ ಇಲ್ಲ. ದೇವರಾವು ಎಂದರೆ ಕಂಬಂ, ಬೇರೆ ಕಡೆ ಇರುವುದೆಲ್ಲ ಬರೀ ದನ ಎಂದೇ ನನ್ನ ತಲೆಯಲ್ಲಿತ್ತು. ಆದರೂ ನನ್ನ ಮೂಗು ಸುಳ್ಳು ಹೇಳಿರಲಿಲ್ಲ. ಅವರು ಮುಚ್ಚಿಟ್ಟಿದ್ದರು, ಮುಚ್ಚಿಟ್ಟದ್ದು ಸಣ್ಣದೂ ಅಲ್ಲ. ಇಂದಲ್ಲ ನಾಳೆ ಯಾರೋ ದನದ ಕೊಂಬು ನೋಡಿ ಗುರುತು ಹಿಡಿದರೆ, ಕುಲದಿಂದ ಹೊರಗೆ ಬೀಳುವವರಲ್ಲಿ ನನ್ನ ಮಗಳೂ ಇರುತ್ತಾಳೆ, ಅವಳ ಹೊಟ್ಟೆಯಲ್ಲಿ ಹುಟ್ಟುವವೂ ಇರುತ್ತವೆ.

"ಅಜ್ಜಿ ಹೇಳೋದು ನಿಜ ಅಂತ ಹೇಗೆ ನಂಬೋದು?" ಎಂದು ನಮ್ಮ ಮನೆಯವರನ್ನು ಕೇಳಿದೆ, ಎಲ್ಲರ ಎದುರಿಗೇ.

ಅವರು ಎಲೆಯಡಿಕೆ ಉಗುಳಿ ಬಂದರು. "ಕದ್ದವನು ಹಾಲು ಕುಡೀತಾನೆ" ಅಂದರು.

ಅಷ್ಟು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಅಷ್ಟು ಕೆಲಸದ ಮಾತು ಬಂದದ್ದು ಕಡಿಮೆ. ಅದನ್ನೂ ಒಂದು ಪುಣ್ಯ ಎಂದು ಇಟ್ಟುಕೊಂಡಿದ್ದೇನೆ.

ನಾನು ಅಜ್ಜಿಗೆ ನೇರವಾಗಿ ಹೇಳಿದೆ. "ನನ್ನ ಮಗಳನ್ನ ಮುಚ್ಚಿದ ಬಾಗಿಲ ಹಿಂದೆ ಕೊಡಲ್ಲ. ನಿಮ್ಮ ಹಿಂಡಿಂದ ಒಂದನ್ನ ನಮ್ಮ ಗಾಡಿ ಹಿಂದೆ ಕಳಿಸಿ, ಹಗಲಲ್ಲಿ, ಎಲ್ಲರೂ ನೋಡೋ ಹಾಗೆ. ನಾವೇ ಕಂಬಂಗೆ ಹೋಗಿ ಇಲ್ಲಿ ಕೇಳಿದ್ದನ್ನ ಹಿರಿಯರಿಗೆ ಹೇಳ್ತೀವಿ. ಅವರು ಒಪ್ಪಿದರೆ ಮದುವೆ."

"ಇವತ್ತು ಒಂದು ಕೇಳಿದವರು ನಾಳೆ ಎಲ್ಲ ಕೇಳ್ತಾರೆ."

"ಕೇಳಬಹುದು. ನಾನು ಇಲ್ಲ ಅಂತ ಹೇಳಲ್ಲ."

ಹುಡುಗ ಮುಂದೆ ಬಂದು ಮಾಡಿನ ಸಂದಿಗೆ ಕೈ ಹಾಕಿ, ಸಂಕ್ರಾಂತಿಗೆ ತಂದು ಮಿಕ್ಕಿದ್ದ ಕಬ್ಬುಗಳನ್ನು ಎಳೆದ. ಒಣಗಿದ್ದವು. ಸೋಗೆ ಮುರಿದು, ಕಂತೆ ಕಟ್ಟಿ, ಅರಿಸಿನ ಹಚ್ಚಿ ಅಂಗಳದ ನಡುವೆ ಇಟ್ಟ. "ತಮ್ಮಲ್ಲಿ ಯಾರು ಹೋಗಬೇಕು ಅಂತ ಅವೇ ಹೇಳಲಿ ಅಜ್ಜಿ" ಅಂದವನೇ ಕೊಟ್ಟಿಗೆಯ ಬಾಗಿಲನ್ನು ಪೂರ್ತಿ ತೆರೆದ. ಆಗ ನಾನು ಆ ಹುಡುಗನನ್ನು ಸರಿಯಾಗಿ ನೋಡಿದೆ.

ದನಗಳು ಹೊರಗೆ ಬಂದವು. ಒಂದು ನೀರಿನ ತೊಟ್ಟಿಗೆ ಹೋಯಿತು. ಒಂದು ಗಾಡಿಯ ಹುಲ್ಲಿಗೆ ಬಾಯಿ ಹಾಕಿತು, ಅಣ್ಣ ಅಟ್ಟಲಿಲ್ಲ. ಹಣೆಯ ಮೇಲೆ ಸುಳಿ ಇದ್ದ ಒಂದು ಎಳೆಯ ಕಡಸು ಮಾತ್ರ ಎಲ್ಲವನ್ನೂ ದಾಟಿಕೊಂಡು ಬಂದು ಕಂತೆಯನ್ನು ಮೂಸಿತು, ತಲೆ ಎತ್ತಿ ಅಜ್ಜಿಯನ್ನು ನೋಡಿತು, ಆಮೇಲೆ ಕಬ್ಬು ಮುರಿಯಿತು.

"ಅವಳಾ" ಅಂದಳು ಅಜ್ಜಿ.

ಅದು ಅಜ್ಜಿಯ ಬೆನ್ನಿಗೆ ಬೆನ್ನು ಕೊಟ್ಟು ಮಲಗುವ ಕಡಸಂತೆ, ಗಂಡಿನ ತಾಯಿ ನನ್ನ ಕಿವಿಯಲ್ಲಿ ಹೇಳಿದಳು. ಅಜ್ಜಿ ಅಳಲಿಲ್ಲ. ಎದ್ದು ಹೋಗಿ ಅದರ ಕೊರಳಿನ ಗಂಟೆ ಸರಿಮಾಡಿ, "ದಾರಿಯಲ್ಲಿ ಹಗ್ಗ ಹಾಕಬೇಡಿ. ಹಗ್ಗ ಕಂಡವಳಲ್ಲ" ಅಂದಳು.

ನಾನು ಗಂಡಿನ ತಾಯಿಗೆ, "ನಿನ್ನೆ ರಾತ್ರಿಯ ಅನ್ನಕ್ಕೆ ನೀರು ಹಾಕಿ ಇಟ್ಟಿದ್ದೀಯಾ ಅಕ್ಕ?" ಎಂದು ಕೇಳಿದೆ.

"ಇದೆ. ಯಾಕೆ?"

"ಆ ನೀರನ್ನ ಚೆಂಬಿಗೆ ಬಗ್ಗಿಸಿ ಉಪ್ಪು ಹಾಕಿ ತಾ."

ಅದೇ ಹಿತ್ತಾಳೆ ಚೆಂಬಿನಲ್ಲಿ ತಂದು ನನ್ನ ಕೈಗೆ ಕೊಟ್ಟಳು. ಹುಳಿಯಾಗಿ, ತಣ್ಣಗೆ, ಒಂದೆರಡು ಸಾಮೆಯ ಅಗುಳು ತೇಲುತ್ತಿದ್ದವು. ನಿಂತುಕೊಂಡೇ ಕುಡಿದೆ. ಮಜ್ಜಿಗೆ ಅಲ್ಲ ಎಂದು ನನ್ನ ನಾಲಿಗೆಗೆ ಗೊತ್ತಿತ್ತು, ಆದರೆ ಕೊಟ್ಟವಳು ತಾಯಿ, ಕುಡಿದವಳು ತಾಯಿ. ಅಣ್ಣ, "ನನ್ನ ತಂಗಚ್ಚಿ ಒಪ್ಪಿದಳು, ಇನ್ನು ಕಂಬಂ ಹಿರಿಯರನ್ನ ಒಪ್ಪಿಸೋದು ಏನು ಮಹಾ" ಎಂದು ಎತ್ತು ಹೂಡಿದ. ಮೊದಲು ನಕ್ಕವನು ಆ ಹುಡುಗ.

ವಾಪಸು ದಾರಿಯುದ್ದಕ್ಕೂ ನಾನು ಹಿಂದೆ ನೋಡುತ್ತಲೇ ಬಂದೆ. ಕಡಸು ತಿರುಗಿ ಓಡಿದರೆ ಅಜ್ಜಿಯ ಕತೆ ಸುಳ್ಳಾಗುವುದು ಎಂದು ನನ್ನ ಲೆಕ್ಕ. ದಿಂಡಿಗಲ್ಲಿನಲ್ಲಿ ರೈಲು ಕೂಗಿದಾಗ ಅದು ಗಾಡಿಯ ಪಕ್ಕಕ್ಕೆ ಒತ್ತಿಕೊಂಡು ನಿಂತಿತು, ಅಷ್ಟೆ. ಮಾವಿನ ತೋಪಿನಲ್ಲಿ ಬೇರೆ ದನಗಳು ಕರೆದವು, ಹೋಗಲಿಲ್ಲ. ಮಲಗುವಾಗ ನಾನು ಗಾಡಿಯ ಕೆಳಗೆ ಅದರ ಪಕ್ಕದಲ್ಲೇ ಮಲಗಿದೆ, ಕಾವಲಿಗೆಂದು. ಅದು ಬೆನ್ನು ಕೊಟ್ಟು ಮಲಗಿತು.

ವೀರಪಾಂಡಿಯಲ್ಲಿ ಹೊಳೆಗೆ ಇಳಿದು ಅದು ಮೂತಿ ಮುಳುಗಿಸಿ ಆ ಹೊಸ ನೀರನ್ನು ತುಂಬ ಹೊತ್ತು ಕುಡಿಯಿತು. ನನ್ನ ಮಡಕೆ ಬರಿದಾಗಿತ್ತು. ಅದು ಕುಡಿದು ನಿಂತ ಮೇಲೆ, ಅದು ನಿಂತಲ್ಲಿಂದ ಹೊಳೆಯ ಮೇಲ್ಗಡೆ ನಾನೂ ಮಡಕೆ ಅದ್ದಿದೆ. ನೀರಿನ ರುಚಿಯಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಕಂಬಂನಲ್ಲಿ ಹಿರಿಯರ ಮುಂದೆ ನಮ್ಮ ಮನೆಯವರೇ ಎಲ್ಲ ಹೇಳಿದರು, ಒಂದನ್ನೂ ಬಿಡಲಿಲ್ಲ. ನಾನು ಹೆಂಗಸರ ಸಾಲಿನಲ್ಲಿ ಕೂತು ಸೆರಗಿನ ತುದಿಯನ್ನು ಗಂಟು ಹಾಕುತ್ತಾ ಬಿಚ್ಚುತ್ತಾ ಇದ್ದೆ. ಎಲ್ಲರಿಗಿಂತ ಹಿರಿಯನೊಬ್ಬ ಕಡಸಿನ ಕೊಂಬು, ಗೊರಸು, ಹಣೆಯ ಸುಳಿ ಎಲ್ಲ ನೋಡಿದ. ಬಹಳ ಹೊತ್ತು ನೋಡಿದ.

"ಒಂದು ಕಡಸು ಹೋಯ್ತು ಅಂತ ನನ್ನ ತಾತ ಹೇಳ್ತಾ ಇದ್ದ. ಹುಲಿ ಹಿಡೀತು ಅಂದುಕೊಂಡಿದ್ದೆವು. ಹುಲಿಯ ಹೆಸರಲ್ಲಿ ಕಾವಲುಗಾರನಿಗೆ ತಪ್ಪುಕಾಣಿಕೆಯನ್ನೂ ಹಾಕಿದ್ದರಂತೆ, ಪಾಪ."

"ಮಿಕ್ಕ ದನ?" ಎಂದು ಯಾರೋ ಕೇಳಿದರು. ನನ್ನ ಕೈ ನಿಂತಿತು.

"ಇಲ್ಲಿ ತಂದು ಎಲ್ಲಿ ಮೇಯಿಸ್ತೀರಿ? ಹುಲ್ಲುಬಯಲೆಲ್ಲ ಗದ್ದೆ ಮಾಡಿಕೊಂಡಿರಿ, ಇರೋ ಹಿಂಡಿಗೇ ಮೇವಿಲ್ಲ. ಅಲ್ಲೇ ಇರಲಿ. ಕಾಯೋರು ಇದ್ದಾರಲ್ಲ" ಅಂದ ಹಿರಿಯ.

ಕಡಸು ಹಿಂಡಿನ ಒಳಗೆ ನಡೆದು ಹೋಯಿತು. ದೊಡ್ಡ ಹಸುಗಳು ಮೂಸಿ ನೋಡಿ ಜಾಗ ಬಿಟ್ಟವು. ನಾನು ಕತ್ತಲಾಗುವವರೆಗೆ ಅಲ್ಲೇ ನಿಂತಿದ್ದೆ. ಅದು ನಮ್ಮ ಗಾಡಿಯ ಹಿಂದೆ ಬರಲಿಲ್ಲ.

ಆಷಾಢದಲ್ಲಿ, ಇಲ್ಲಿಯವರ ಆಡಿ ತಿಂಗಳಿಗೆ, ಮಗಳು ಮೊದಲ ಸಲ ತವರಿಗೆ ಬಂದಾಗ ಮುಖ ತೊಳೆಯುವ ಮೊದಲೇ ಕೇಳಿದೆ. ಗಂಡ ಹೇಗೆ, ಅತ್ತೆ ಹೇಗೆ ಎಂದಲ್ಲ. "ನಿನಗೆ ಊಟಕ್ಕೆ ಮಜ್ಜಿಗೆ ಕೊಡ್ತಾರಾ?"

"ಕೊಡ್ತಾರೆ ಅವ್ವ."

"ಯಾವ ಹಸುವಿನದು?" ನನ್ನ ದನಿ ಗಟ್ಟಿಯಾಯಿತು.

"ನಮ್ಮ ಕೊಟ್ಟಿಗೆಯದಲ್ಲ, ಭಯಪಡಬೇಡ. ಪಕ್ಕದ ಮನೆಯಿಂದ ಬರುತ್ತೆ. ದಿನಾ ಅಜ್ಜಿಯೇ ಚೆಂಬು ಹಿಡ್ಕೊಂಡು ಹೋಗಿ ಕೇಳಿ ತರ್ತಾರೆ."

"ಆ ಅಜ್ಜಿಯಾ? ಕೈ ಒಡ್ಡಿ?"

"ಹೂಂ. ಮೊದಲನೇ ದಿನ ಚೆಂಬನ್ನ ಸೆರಗಲ್ಲಿ ಮುಚ್ಚಿಕೊಂಡು ಹೋದರಂತೆ" ಎಂದು ಮಗಳು ನಕ್ಕಳು. "ಈಗ ಹಾಗೇ ಹೋಗ್ತಾರೆ. ನೀರು ಜಾಸ್ತಿ ಹಾಕಿದ್ದೀರಿ ಅಂತ ಜಗಳ ಬೇರೆ ಆಡಿ ಬರ್ತಾರೆ."